ಅಪ್ಪನಿಗೆ ಇತಿಹಾಸದ ಆಡಿಯೊಬುಕ್: ಹೇಗೆ ಆರಿಸುತ್ತೀರಿ?

ಮೈಸೂರಿನ ಮಗಳು: ಅಪ್ಪನಿಗೆ 74. ಗ್ಲಾಕೋಮಾ ಬಂದು ಓದುವುದು ನಿಂತೇ ಹೋಗಿದೆ. ಐತಿಹಾಸಿಕ ಕಾದಂಬರಿ ಕೈಗೆ ಸಿಕ್ಕರೆ ಊಟಕ್ಕೂ ಏಳುತ್ತಿರಲಿಲ್ಲ. ಹೊಸದಾಗಿ ಬಂದ ಒಂದು ಆಡಿಯೊಬುಕ್ ಹಾಕಿಕೊಟ್ಟೆ. ಹತ್ತೇ ನಿಮಿಷಕ್ಕೆ ಇಯರ್‌ಫೋನ್ ಕಿತ್ತಿಟ್ಟು, "ಯಾರು ಯಾರಿಗೆ ಹೇಳ್ತಿದ್ದಾರೋ ಗೊತ್ತಾಗಲ್ಲ" ಅಂದರು. ಕನ್ನಡ, ಇಂಗ್ಲಿಷ್ ಎರಡೂ ಆಗುತ್ತದೆ. ನೀವೆಲ್ಲ ಏನು ನೋಡಿ ಆರಿಸುತ್ತೀರಿ?

ಮೆಟ್ರೊ ಕೇಳುಗ: ನಿಮ್ಮಪ್ಪ ಹೇಳಿದ್ದು ಸರಿಯಾಗೇ ಇದೆ. ನಾನು ಹಿಲರಿ ಮ್ಯಾಂಟೆಲ್ ಅವರ 'ವುಲ್ಫ್ ಹಾಲ್' ಕೇಳಲು ಹೋಗಿ ಇದೇ ಪಾಡು ಪಟ್ಟೆ. 2009ರ ಕಾದಂಬರಿ, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲದ ಕಥೆ. ಅದರಲ್ಲಿ ಥಾಮಸ್‌ಗಳೇ ಜಾಸ್ತಿ: ಥಾಮಸ್ ಕ್ರಾಮ್‌ವೆಲ್, ಥಾಮಸ್ ಮೋರ್, ಥಾಮಸ್ ಕ್ರ್ಯಾನ್ಮರ್, ಕಾರ್ಡಿನಲ್ ವುಲ್ಸಿಯೂ ಥಾಮಸ್ಸೇ. ಸಾಲದ್ದಕ್ಕೆ ಲೇಖಕಿ ಕಥಾನಾಯಕ ಕ್ರಾಮ್‌ವೆಲ್‌ನ ಹೆಸರು ಹೇಳದೆ ಬರೀ "ಅವನು" ಅಂತ ಬರೆಯುತ್ತಾರೆ. ಅಚ್ಚಿನ ಪುಸ್ತಕದಲ್ಲಾದರೆ ಮೊದಲಲ್ಲೇ ಪಾತ್ರಗಳ ಪಟ್ಟಿ ಇದೆ, ಬೆರಳಿಟ್ಟುಕೊಂಡು ಹಿಂದೆ ಹೋಗಬಹುದು. ಕಿವಿಗೆ ಆ ಸೌಕರ್ಯ ಇಲ್ಲ ನೋಡಿ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸುವಷ್ಟರಲ್ಲಿ ನಾನು ಯಾವ ಥಾಮಸ್ ಜೊತೆ ಇದ್ದೆ ಅನ್ನುವುದೇ ಮರೆತು ಹೋಗುತ್ತಿತ್ತು. ಕೊನೆಗೆ ಆ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಂಡೆ. ಆಮೇಲೆ ಕಥೆ ಎಳೆದುಕೊಂಡು ಹೋಯಿತು. ನಿಮ್ಮಪ್ಪನಿಗೆ ಚೀಟಿ ಓದಲಾಗುವುದಿಲ್ಲವಲ್ಲ, ಮೊದಲ ದಿನ ನೀವೇ ಪಕ್ಕ ಕೂತು ಯಾರು ಯಾರು ಅಂತ ಬಾಯಲ್ಲಿ ಹೇಳಿಬಿಡಿ. ವೇಗ 0.9ಕ್ಕೆ ಇಳಿಸಿ.

ದುರ್ಗದ ಸೊಸೆ: ಹೊಸದು ಅನ್ನುವ ಹಟ ಯಾಕೆ? ಅವರಿಗೆ ಗೊತ್ತಿರುವ ಕಥೆಯಿಂದ ಶುರು ಮಾಡಿ. ನಮ್ಮ ಮಾವನವರಿಗೂ ಕಣ್ಣು ಮಂಜಾದಾಗ ರಾತ್ರಿ ಊಟ ಆದಮೇಲೆ ನಾನೇ ತರಾಸು ಅವರ 'ದುರ್ಗಾಸ್ತಮಾನ' ಗಟ್ಟಿಯಾಗಿ ಓದುತ್ತಿದ್ದೆ. ಮದಕರಿ ನಾಯಕ 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಳ್ಳುತ್ತಾನೆ ಅನ್ನುವುದು ಮಾವನವರಿಗೆ ಮೊದಲೇ ಗೊತ್ತು. ಯಾರು ಗೆದ್ದರು ಅನ್ನುವ ಚಿಂತೆ ಇಲ್ಲ, ಮಾತಿನ ರುಚಿ ನೋಡುತ್ತಾ ಕೂರುತ್ತಿದ್ದರು. ನಾನು ಅವಸರ ಮಾಡಿದರೆ "ನಿಧಾನ, ಕೋಟೆ ಎಲ್ಲೂ ಓಡಿಹೋಗಲ್ಲ" ಅನ್ನುತ್ತಿದ್ದರು! ಆಡಿಯೊ ಕೊಳ್ಳುವ ಮುಂಚೆ ಮಾದರಿ ತುಣುಕು ಅವರಿಗೇ ಕೇಳಿಸಿ. ದನಿ ಹಿಡಿಸಬೇಕಾದದ್ದು ಅವರಿಗೆ, ನಿಮಗಲ್ಲ.

ಹುಬ್ಬಳ್ಳಿ ಮೇಷ್ಟ್ರು: ಈಗಿನ ಹೊಸ ಬಿಡುಗಡೆಗಳಲ್ಲಿ ಯಂತ್ರದ ದನಿಯವೂ ಇರುತ್ತವೆ. ಓದಿದವರು ಯಾರು ಅಂತ ನೋಡದೆ ದುಡ್ಡು ಕೊಟ್ಟು ನಾನು ಸಿಕ್ಕಿಬಿದ್ದೆ. "ಕ್ರಿ.ಶ. 1799" ಬಂದಾಗಲೆಲ್ಲ ಅದು "ಕ್ರಿ", ಸ್ವಲ್ಪ ತಡೆದು "ಶ" ಅನ್ನುತ್ತಿತ್ತು. ಮೂರನೇ ಅಧ್ಯಾಯಕ್ಕೆ ಬಿಟ್ಟೆ. ಇಂಗ್ಲಿಷಿನ ಇತಿಹಾಸ ಪುಸ್ತಕಗಳಲ್ಲಿ ಇನ್ನೊಂದು ಮಜಾ. ಶ್ರೀರಂಗಪಟ್ಟಣ "ಸೆರಿಂಗಪಟಮ್" ಆಗಿಬಿಟ್ಟಿರುತ್ತದೆ. ಅದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಯಾವುದೋ ಊರು ಅಂದುಕೊಂಡಾರು. ಹಾಗೇ 'ಅಬ್ರಿಡ್ಜ್ಡ್' ಅಂತಿದ್ದರೆ ಕತ್ತರಿಸಿದ್ದು ಅಂತ ಅರ್ಥ. ಮೂಲ ಓದಿದವರಿಗೆ ಅದು ಕೊಡಲೇಬೇಡಿ, ಬೈಸಿಕೊಳ್ಳುತ್ತೀರಿ.

ಪುಕ್ಕಟೆ ಪ್ರಿಯ: ಲಿಬ್ರಿವಾಕ್ಸ್ ಅನ್ನುವ ಜಾಲತಾಣ ನೋಡಿ. 2005ರಿಂದ ಸ್ವಯಂಸೇವಕರು ಕಾಪಿರೈಟ್ ಹಕ್ಕು ಮುಗಿದ ಪುಸ್ತಕಗಳನ್ನು ಓದಿ ಹಾಕುತ್ತಿದ್ದಾರೆ, ದುಡ್ಡಿಲ್ಲ. ಡಿಕನ್ಸ್‌ನ 'ಎ ಟೇಲ್ ಆಫ್ ಟು ಸಿಟೀಸ್' ಅಲ್ಲಿದೆ. ಕೆಲವು ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರು ಓದಿರುತ್ತಾರೆ, ಪಾತ್ರದ ದನಿ ದಿಢೀರಂತ ಬದಲಾಗುತ್ತದೆ. ಒಬ್ಬರೇ ಓದಿದ್ದನ್ನು ಹುಡುಕಿ.

ಮೈಸೂರಿನ ಮಗಳು: ಎಲ್ಲರಿಗೂ ಥ್ಯಾಂಕ್ಸ್. ನಾನು ತಂದದ್ದು ಕತ್ತರಿಸಿದ್ದೇ, ಈಗ ನೋಡಿದೆ. ಅಪ್ಪನಿಗೆ ಸೊಸೆಯ ಕಥೆ ಹೇಳಿದೆ. "ಹಾಗಾದ್ರೆ ನೀನೇ ಓದು" ಅನ್ನುತ್ತಿದ್ದಾರೆ. ನನಗೆ ಎಂಟು ಗಂಟೆಗೇ ನಿದ್ದೆ ಬರುತ್ತೆ, ಏನು ಮಾಡಲಿ?