ಟೋಪೋಶೀಟ್‌ನಲ್ಲಿ ಒಂದು ಕಡೆ, ಉಪಗ್ರಹ ಚಿತ್ರದಲ್ಲಿ ಇನ್ನೊಂದು ಕಡೆ: ನನ್ನ ಕೆರೆಗಳ ನಕ್ಷೆಯಲ್ಲಿ ಎಲ್ಲಿ ತಪ್ಪಿದೆ?

ಪ್ರಶ್ನೆ: ಕೆರೆಏರಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಿರುಪ್ರಬಂಧಕ್ಕಾಗಿ ಬೇಲೂರು ತಾಲ್ಲೂಕಿನ ಹಳೇಬೀಡು ಸುತ್ತಮುತ್ತಲಿನ ಕೆರೆಗಳ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ತರಗತಿಯಲ್ಲಿ ಜಿಐಎಸ್‌ನ (ಭೌಗೋಳಿಕ ಮಾಹಿತಿ ವ್ಯವಸ್ಥೆಯ) ವ್ಯಾಖ್ಯಾನಗಳನ್ನು ಬರೆಸಿದ್ದಾರೆಯೇ ಹೊರತು ಕಂಪ್ಯೂಟರಿನ ಮುಂದೆ ಕೂರಿಸಿ ಕಲಿಸಿದ್ದು ಕಡಿಮೆ. ಆದ್ದರಿಂದ ಹೆಚ್ಚಿನದನ್ನು ವಿಡಿಯೋ ನೋಡಿಯೇ ಕಲಿತಿದ್ದೇನೆ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಎರಡು ಹಳೆಯ ಟೋಪೋಶೀಟ್‌ಗಳ (ಸ್ಥಳವಿವರ ನಕ್ಷೆಗಳ) ಸ್ಕ್ಯಾನ್ ಪ್ರತಿಗಳನ್ನು, ಅಂದರೆ 48ಒ/16 ಮತ್ತು 57ಸಿ/4 ಹಾಳೆಗಳನ್ನು, ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟು ಜಿಯೋರೆಫರೆನ್ಸ್ ಮಾಡಿದೆ, ಅಂದರೆ ನೆಲದ ಮೇಲಿನ ಅವುಗಳ ಜಾಗಕ್ಕೆ ಹೊಂದಿಸಿದೆ. ತಂತ್ರಾಂಶ ತೋರಿಸಿದ ದೋಷ ತೀರ ಕಡಿಮೆಯೇ ಇತ್ತು. ಆದರೆ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದರೆ ಎಲ್ಲ ಕೆರೆಗಳೂ ಒಂದೇ ದಿಕ್ಕಿಗೆ ನೂರೈವತ್ತು ಮೀಟರಿಗೂ ಹೆಚ್ಚು ಸರಿದು ಕುಳಿತಿವೆ. ಇನ್ನು, ಒಂದು ಕೆರೆಯ ವಿಸ್ತೀರ್ಣವನ್ನು ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿದಾಗ 0.0000333 ಎಂಬ ಉತ್ತರ ಬಂದಿತು. ಇದನ್ನು ಎಕರೆಗೆ ಹೇಗೆ ತಿರುಗಿಸುವುದೆಂದು ತಿಳಿಯಲಿಲ್ಲ.

ಕೊನೆಯದಾಗಿ ಒಂದು ಸಣ್ಣ ಸಂದೇಹ. ನಮ್ಮೂರಿನಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ವಿದ್ಯಾರ್ಥಿಗಳು ಅಲ್ಲಿ ಉಪಗ್ರಹ ಚಿತ್ರಗಳನ್ನು ಕೇಳಿ ಪಡೆಯಬಹುದೇ?

ಉತ್ತರ: ಹಳೇ ಸರಪಳಿ, ಚಿಕ್ಕಮಗಳೂರು

ನಿಮ್ಮ ಕೈಯಲ್ಲಿ ತಪ್ಪಾಗಿಲ್ಲ, ನೀವು ಆರಿಸಿಕೊಂಡ ಭೂಮಿಯ ಆಕಾರದಲ್ಲಿ ತಪ್ಪಾಗಿದೆ. ಹಳೆಯ ಟೋಪೋಶೀಟ್‌ಗಳ ಮೂಲೆಯಲ್ಲಿ ಅಚ್ಚಾಗಿರುವ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಗೋಳಾಭವನ್ನು, ಅಂದರೆ ಭೂಮಿಯ ಆಕಾರದ ಒಂದು ಹಳೆಯ ಗಣಿತದ ಮಾದರಿಯನ್ನು, ಆಧರಿಸಿದವು. ಅವುಗಳ ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿದೆ. ಉಪಗ್ರಹ ಚಿತ್ರಗಳೂ ಜಿಪಿಎಸ್ಸೂ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆಯೇ ಆಧಾರವನ್ನು. 13 ಡಿಗ್ರಿ ಉತ್ತರ ಎಂಬ ಒಂದೇ ಸಂಖ್ಯೆ ಈ ಎರಡು ವ್ಯವಸ್ಥೆಗಳಲ್ಲಿ ನೆಲದ ಮೇಲಿನ ಎರಡು ಬೇರೆ ಜಾಗಗಳನ್ನು ಸೂಚಿಸುತ್ತದೆ. ನಮ್ಮ ಭಾಗದಲ್ಲಿ ಈ ಅಂತರ ನೂರು ಮೀಟರನ್ನು ದಾಟುತ್ತದೆ. ಎಲ್ಲ ಕೆರೆಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿವೆ ಎಂದು ನೀವು ಬರೆದಿರುವುದೇ ಇದರ ಗುರುತು, ಏಕೆಂದರೆ ಕೈತಪ್ಪಾಗಿದ್ದರೆ ಒಂದೊಂದು ಒಂದೊಂದು ಕಡೆಗೆ ಸರಿದಿರುತ್ತಿತ್ತು. ದೋಷ ಕಡಿಮೆ ಬಂದದ್ದರಲ್ಲಿಯೂ ಆಶ್ಚರ್ಯವಿಲ್ಲ. ನೀವು ಕೊಟ್ಟ ನಾಲ್ಕು ಸಂಖ್ಯೆಗಳು ತಮ್ಮತಮ್ಮಲ್ಲಿ ಹೊಂದುತ್ತವೆಯೇ ಎಂಬುದನ್ನಷ್ಟೇ ತಂತ್ರಾಂಶ ನೋಡುತ್ತದೆ.

ಜಿಯೋರೆಫರೆನ್ಸರಿನಲ್ಲಿ ನಿರ್ದೇಶಾಂಕ ವ್ಯವಸ್ಥೆಯನ್ನು ಕೇಳಿದಾಗ 4326 (ಡಬ್ಲ್ಯುಜಿಎಸ್ 84ರ ಸಂಕೇತಸಂಖ್ಯೆ) ಎಂದು ಕೊಡದೆ, ಕಲ್ಯಾಣಪುರ 1975 ಎಂಬುದನ್ನು, ಅಂದರೆ ಇಪಿಎಸ್‌ಜಿ 4146 ಅನ್ನು ಆರಿಸಿ ಮತ್ತೊಮ್ಮೆ ಮಾಡಿ. ಆಮೇಲೆ ಆ ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ ವಲಯ 43 ಉತ್ತರಕ್ಕೆ, ಅಂದರೆ 32643ಕ್ಕೆ, ಪರಿವರ್ತಿಸಿ. ಆ ವಲಯ 72ರಿಂದ 78 ಡಿಗ್ರಿ ಪೂರ್ವದವರೆಗೆ ಹರಡಿರುವುದರಿಂದ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಇಡಿಯಾಗಿ ಅದರೊಳಗೆ ಬರುತ್ತವೆ.

ಇಲ್ಲಿ ಹೊಸಬರೆಲ್ಲ ಎಡವುವ ಜಾಗವೊಂದಿದೆ. ಪದರಕ್ಕೆ ನಿರ್ದೇಶಾಂಕ ವ್ಯವಸ್ಥೆಯನ್ನು ‘ಸೆಟ್’ ಮಾಡುವುದು ಬೇರೆ, ಪದರವನ್ನು ‘ರೀಪ್ರಾಜೆಕ್ಟ್’ ಮಾಡುವುದು (ಸಂಖ್ಯೆಗಳನ್ನೇ ಹೊಸ ವ್ಯವಸ್ಥೆಗೆ ಪರಿವರ್ತಿಸುವುದು) ಬೇರೆ. ಮೊದಲನೆಯದರಿಂದ ಚೀಟಿ ಮಾತ್ರ ಬದಲಾಗುತ್ತದೆ, ಒಳಗಿನ ಸಂಖ್ಯೆಗಳು ಇದ್ದ ಹಾಗೆಯೇ ಇರುತ್ತವೆ. ಸೇರಿನಲ್ಲಿ ಅಳೆದ ಅಕ್ಕಿಯ ಚೀಲಕ್ಕೆ ಕಿಲೋ ಎಂದು ಚೀಟಿ ಅಂಟಿಸಿದಂತೆ ಅದು. ನಾನೂ ಒಂದು ಇಡೀ ಹೋಬಳಿಯ ಕೆಲಸವನ್ನು ಹೀಗೆ ಹಾಳುಮಾಡಿಕೊಂಡು ಮತ್ತೆ ಮೊದಲಿನಿಂದ ಮಾಡಿದ್ದೇನೆ.

ವಿಸ್ತೀರ್ಣದ ವಿಚಾರಕ್ಕೂ ಕಾರಣ ಇದೇ. ನೀವು ಬಹುಶಃ area($geometry) ಎಂಬ ಸೂತ್ರವನ್ನು ಬರೆದಿದ್ದೀರಿ. ಅದು ಪದರದ ಮಾನದಲ್ಲೇ ಲೆಕ್ಕ ಹಾಕುವುದರಿಂದ ಉತ್ತರ ಚದರ ಡಿಗ್ರಿಯಲ್ಲಿ ಬಂದಿದೆ. ನಮ್ಮ ಅಕ್ಷಾಂಶದಲ್ಲಿ ಒಂದು ಚದರ ಡಿಗ್ರಿ ಎಂದರೆ ಸುಮಾರು 12,000 ಚದರ ಕಿಲೋಮೀಟರ್. ಆ ಲೆಕ್ಕದಲ್ಲಿ ನಿಮ್ಮ ಕೆರೆ ಸುಮಾರು 40 ಹೆಕ್ಟೇರ್, ಅಂದರೆ 99 ಎಕರೆಯ ಹತ್ತಿರ ಆಗುತ್ತದೆ. ಆದರೆ ಹೀಗೆ ಗುಣಿಸುವ ಅಭ್ಯಾಸ ಬೇಡ. 32643ಕ್ಕೆ ಪರಿವರ್ತಿಸಿದ ಪದರದಲ್ಲಿ ಅದೇ ಸೂತ್ರ ಚದರ ಮೀಟರನ್ನು ಕೊಡುತ್ತದೆ. $area ಎಂದು ಬರೆದರೆ, ಪ್ರಾಜೆಕ್ಟಿನಲ್ಲಿ ಆರಿಸಿರುವ ಗೋಳಾಭದ ಮೇಲೆ ಲೆಕ್ಕವಾಗುತ್ತದೆ.

ಹಳೇಬೀಡಿನ ಪೂರ್ವಕ್ಕೆ ತೀರ ಹತ್ತಿರದಲ್ಲೇ 76 ಡಿಗ್ರಿ ರೇಖಾಂಶ ಹಾದುಹೋಗುತ್ತದೆ. 48ರ ಸರಣಿ ಮುಗಿದು 57ರ ಸರಣಿ ಶುರುವಾಗುವುದು ಅಲ್ಲಿಯೇ. ಒಂದು ಊರಿನ ಕೆಲಸಕ್ಕೆ ನಿಮಗೆ ಎರಡು ಹಾಳೆ ಬೇಕಾದದ್ದು ಅದರಿಂದ. ಸರ್ವೆ ಆಫ್ ಇಂಡಿಯಾದ ಹೊಸ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇರುತ್ತವೆ, ಅವಕ್ಕೆ ಈ ತೊಂದರೆಯಿಲ್ಲ.

ಇಸ್ರೋ ಬಗ್ಗೆ ಕೇಳಿದ್ದೀರಿ. 1982ರಲ್ಲಿ ಸ್ಥಾಪನೆಯಾದ ಹಾಸನದ ಕೇಂದ್ರವು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತದೆ. ಭೂಮಿಯ ಚಿತ್ರಗಳನ್ನು ಹಂಚುವುದು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದ ಕೆಲಸ. ಅದರ ಭುವನ್ ಜಾಲತಾಣವನ್ನು ನೋಡಿ.

ಉತ್ತರ: ಸಿಲ್ವರ್ ಓಕ್, ಮೂಡಿಗೆರೆ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹಳೆಯ ಹಾಳೆಯ ಗೆರೆಯನ್ನೇ ಕೆರೆಯ ಗಡಿಯೆಂದು ಎಳೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. 1:50,000ರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 25 ಮೀಟರ್ ಆಗುತ್ತದೆ. ಸಣ್ಣ ಕಟ್ಟೆಗಳಿಗೆ ಈ ಅಳತೆ ಸಾಲದು. ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅವುಗಳ ಮೂರನೆಯ ಮತ್ತು ಎಂಟನೆಯ ಬ್ಯಾಂಡ್‌ಗಳಿಂದ (ಹಸಿರು ಮತ್ತು ಸಮೀಪದ ಅವಕೆಂಪು ಬೆಳಕಿನ ಪದರಗಳಿಂದ) ನೀರಿನ ಸೂಚ್ಯಂಕವನ್ನು ತೆಗೆದರೆ ನೀರಿನ ಹರವು ಸ್ಪಷ್ಟವಾಗಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಟವಿರುವುದರಿಂದ ಮಳೆ ನಿಂತ ಮೇಲಿನ ಚಿತ್ರಗಳನ್ನೇ ಹುಡುಕಿ.

ಒಂದು ಎಚ್ಚರಿಕೆ: ಅಂತರಗಂಗೆ ಕಳೆ ಹಬ್ಬಿದ ಕೆರೆಯನ್ನು ಆ ಸೂಚ್ಯಂಕ ನೀರೆಂದು ಗುರುತಿಸುವುದಿಲ್ಲ, ಹಸಿರು ಗದ್ದೆಯ ಜೊತೆಗೆ ಸೇರಿಸಿಬಿಡುತ್ತದೆ.

ಮುಂದೆ ಜಲಾನಯನದ ಗಡಿಯನ್ನೂ ಎಳೆಯುವ ಆಲೋಚನೆಯಿದ್ದರೆ ಇನ್ನೊಂದು ವಿಷಯ ನೆನಪಿನಲ್ಲಿರಲಿ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಳಸಿ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು ಎಲ್ಲರೂ ಬಳಸುತ್ತಾರೆ. ಬಯಲುಸೀಮೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಕಾಫಿ ತೋಟಗಳಲ್ಲಿ ಮಾತ್ರ ಆ ರೇಡಾರ್ ಅಲೆಗಳು ನೆಲವನ್ನು ಪೂರ್ತಿಯಾಗಿ ಮುಟ್ಟದೆ ನೆರಳು ಮರಗಳ ತಲೆಯ ನಡುವಿನಲ್ಲೇ ಹಿಂದಿರುಗಿರುತ್ತವೆ. ಹಾಗಾಗಿ ಮರ ಕಡಿದ ತುಂಡು ಹಳ್ಳದಂತೆಯೂ ದಟ್ಟ ತೋಟ ದಿಬ್ಬದಂತೆಯೂ ಕಾಣುತ್ತದೆ. ನನ್ನ ಮೊದಲ ನಕ್ಷೆಯಲ್ಲಿ ಹಳ್ಳವೊಂದು ಪಕ್ಕದ ತೋಟದ ಬೇಲಿ ಹತ್ತಿ ಆಚೆಗೆ ಹರಿದಿತ್ತು!

ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದಾದರೆ ಶೇಪ್‌ಫೈಲ್ ಎಂಬ ಹಳೆಯ ಕಡತರೂಪವನ್ನು ಬಿಟ್ಟು ಜಿಯೋಪ್ಯಾಕೇಜ್ ಬಳಸಿ. ಶೇಪ್‌ಫೈಲಿನ ಕಾಲಂ ಹೆಸರಿಗೆ ಹತ್ತು ಬೈಟ್‌ಗಳ ಮಿತಿಯಿದೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ವಿಸ್ತೀರ್ಣ’ ಎಂದು ಬರೆದರೆ ಅದು ‘ವಿಸ’ದ ಆಸುಪಾಸಿನಲ್ಲೇ ಕತ್ತರಿಸಿಹೋಗುತ್ತದೆ.

ಪ್ರಶ್ನೆ ಕೇಳಿದವರು: ಕೆರೆಏರಿ, ಹಾಸನ

ಇಬ್ಬರಿಗೂ ಧನ್ಯವಾದಗಳು. 4146 ಕೊಟ್ಟು ಮತ್ತೆ ಮಾಡಿದೆ. ಕೆರೆಯ ಏರಿಗಳು ಚಿತ್ರದಲ್ಲಿರುವ ಏರಿಗಳ ಹತ್ತಿರಕ್ಕೆ ಬಂದು ಕೂತಿವೆ. ಸೂತ್ರದ ವಿಷಯದಲ್ಲಿಯೂ ತಾವು ಊಹಿಸಿದ್ದೇ ನಿಜ.

ಈಗ ಬೇರೆ ಗೊಂದಲ ಹುಟ್ಟಿದೆ. ಅದೇ ಕೆರೆಗೆ ಟೋಪೋಶೀಟಿನಿಂದ ಒಂದು ವಿಸ್ತೀರ್ಣ, ಡಿಸೆಂಬರಿನ ಸೆಂಟಿನೆಲ್ ಚಿತ್ರದಿಂದ ಅದಕ್ಕಿಂತ ಕಡಿಮೆ, ರಾಜ್ಯದ ಭೂದಾಖಲೆಗಳ ದಿಶಾಂಕ್ ಆ್ಯಪ್‌ನಲ್ಲಿ ಕಾಣುವ ಸರ್ವೆ ನಂಬರಿನ ಗಡಿಯಿಂದ ಎಲ್ಲಕ್ಕಿಂತ ಹೆಚ್ಚು ಬರುತ್ತಿದೆ. ಪ್ರಬಂಧದ ಕೋಷ್ಟಕದಲ್ಲಿ ಯಾವುದನ್ನು ಬರೆಯಲಿ?

ಉತ್ತರ: ಹಳೇ ಸರಪಳಿ, ಚಿಕ್ಕಮಗಳೂರು

ಮೂರನ್ನೂ ಬರೆಯಿರಿ, ಆದರೆ ಮೂರು ಬೇರೆ ಕಾಲಂಗಳಲ್ಲಿ. ಅವು ಒಂದೇ ಪ್ರಶ್ನೆಗೆ ಬಂದ ಮೂರು ಉತ್ತರಗಳಲ್ಲ. ಕಂದಾಯದ ಗಡಿಯೆಂದರೆ ಸರ್ಕಾರಿ ದಾಖಲೆಯಲ್ಲಿ ಕೆರೆಯೆಂದು ಬಿಟ್ಟಿರುವ ಜಮೀನು. ಅದರಲ್ಲಿ ಏರಿಯೂ ಸೇರಿರಬಹುದು, ಇಂದು ಯಾರೋ ಜೋಳ ಬಿತ್ತಿರುವ ಅಂಚೂ ಸೇರಿರಬಹುದು. ಟೋಪೋಶೀಟಿನ ಗೆರೆ ಆ ಹಾಳೆಯ ಸರ್ವೆ ನಡೆದ ವರ್ಷದ್ದು. ಆ ವರ್ಷವನ್ನು ಹಾಳೆಯಲ್ಲೇ ಅಚ್ಚು ಮಾಡಿರುತ್ತಾರೆ, ಅದನ್ನು ಕೋಷ್ಟಕದಲ್ಲಿ ನಮೂದಿಸಿ. ಸೆಂಟಿನೆಲ್ ಕೊಡುವುದು ಒಂದು ದಿನದ ನೀರಿನ ಹರವನ್ನು ಮಾತ್ರ. ಆದ್ದರಿಂದ ಚಿತ್ರದ ತಾರೀಖಿಲ್ಲದೆ ಆ ಸಂಖ್ಯೆಗೆ ಅರ್ಥವಿಲ್ಲ. ಕಂದಾಯದ ಗಡಿಗೂ ತುಂಬಿದ ಕೆರೆಯ ಹರವಿಗೂ ಇರುವ ವ್ಯತ್ಯಾಸವೇ ನಿಮ್ಮ ಪ್ರಬಂಧದ ಒಂದು ಅಧ್ಯಾಯವಾಗಬಹುದೆಂದು ನನಗನ್ನಿಸುತ್ತದೆ. ಒತ್ತುವರಿ ಎಂಬ ಪದವನ್ನು ಮಾತ್ರ ನಕ್ಷೆಯೊಂದನ್ನೇ ನಂಬಿ ಬರೆಯಬೇಡಿ, ಆ ಪದ ಊರಿನಲ್ಲಿ ಜಗಳ ತರುತ್ತದೆ.

ಉತ್ತರ: ಸಿಲ್ವರ್ ಓಕ್, ಮೂಡಿಗೆರೆ

ಅದಕ್ಕೆ ಮೊದಲು ಒಂದು ಸಲ ಕೆರೆಯ ಬಳಿಗೇ ಹೋಗಿ ಬನ್ನಿ. ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡರೆ ಈ ನಕ್ಷೆಯನ್ನೇ ಫೋನಿನಲ್ಲಿ ಕೊಂಡೊಯ್ಯಬಹುದು. ಕೋಡಿ, ತೂಬು, ಏರಿಯ ಎರಡು ತುದಿ, ಇವುಗಳ ಬಳಿ ನಿಂತು, ಪರದೆಯ ಮೇಲಿನ ನಿಖರತೆಯ ಅಂಕಿ ಐದು ಮೀಟರಿನ ಕೆಳಗೆ ಇಳಿಯುವವರೆಗೆ ಕಾದು ಬಿಂದುಗಳನ್ನು ಗುರುತಿಸಿಕೊಳ್ಳಿ. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆಂದು ಅಚ್ಚುಕಟ್ಟಿನ ರೈತರನ್ನು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಆ ಜಾಗಗಳಲ್ಲಿಯೂ ಒಂದೊಂದು ಬಿಂದು ಹಾಕಿಕೊಳ್ಳಿ. ಏರಿಯ ಮೇಲೆ ಹೋಗುವಾಗ ಒಬ್ಬರೇ ಹೋಗಬೇಡಿ.