ಪದಚರ್ಚೆ: ಪ್ರೋಟೀನಿನ ‘ರಿಟೆನ್ಶನ್’, ‘ಡಿಗ್ರೇಡೇಶನ್’ಗೆ ಏನನ್ನೋಣ?

ಗೆಳೆಯರೆ,

ಜೀವಕೋಶದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಈ ಎರಡು ಪದಗಳ ಹತ್ತಿರ ಬಂದು ಗಾಡಿ ನಿಂತಿದೆ.

ಕೋಶದಿಂದ ಹೊರಗೆ ಹೋಗಬೇಕಾದ ಪ್ರೋಟೀನುಗಳು ಮೊದಲು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಕೋಶದೊಳಗಿನ ಪೊರೆಗಳ ಜಾಲ), ಅಂದರೆ ಇಆರ್ ಒಳಗೆ ಸೇರುತ್ತವೆ. ಅಲ್ಲಿ ಸರಿಯಾದ ಆಕಾರ ಬಂದರೆ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಜಿ ಎಂಬ ಭಾಗದ ಕಡೆಗೆ ಪ್ರಯಾಣ. ಬರದಿದ್ದರೆ ಕ್ಯಾಲ್ನೆಕ್ಸಿನ್‌ನಂಥ ಸಹಾಯಕ ಪ್ರೋಟೀನುಗಳು ಬಿಡುವುದಿಲ್ಲ. ಈ ರಿಟೆನ್ಶನ್‌ಗೆ ‘ತಡೆಹಿಡಿ’ ಸರಿಹೋಗುತ್ತದೆ.

ಆದರೆ ಇಆರ್‌ನಲ್ಲೇ ಕೆಲಸ ಮಾಡುವ ಪ್ರೋಟೀನುಗಳೂ ಇವೆ. ಅವುಗಳಲ್ಲಿ ಹಲವದರ ಬಾಲದಲ್ಲಿ ಕೆಡಿಇಎಲ್ ಎಂಬ ನಾಲ್ಕು ಅಮೈನೋ ಆಮ್ಲಗಳ ಗುರುತು ಇರುತ್ತದೆ. ಗಾಲ್ಜಿಗೆ ಜಾರಿಹೋದರೂ ಈ ಗುರುತು ಹಿಡಿದು ಅವನ್ನು ವಾಪಸ್ ತರಲಾಗುತ್ತದೆ. ಇದನ್ನೂ ರಿಟೆನ್ಶನ್ ಅಂತಲೇ ಕರೆಯುತ್ತಾರೆ! ಇಲ್ಲಿ ‘ತಡೆಹಿಡಿ’ ಅಂದರೆ ಪಾಪ, ಏನೋ ತಪ್ಪು ಮಾಡಿದ ಹಾಗೆ ಕೇಳುತ್ತದೆ. ‘ಉಳಿಸಿಕೊ’ ವಾಸಿ ಅಲ್ವಾ? ಒಂದು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡು ಇಟ್ಟುಕೊಂಡರೆ ನಷ್ಟವೇನಿಲ್ಲ.

ಜಾಸ್ತಿ ಕಾಡುತ್ತಿರುವುದು ಡಿಗ್ರೇಡೇಶನ್. ‘ಅವನತಿ’ ಅಂದರೆ ಸಾಮ್ರಾಜ್ಯದ ಕಥೆ. ‘ಕೊಳೆ’ ಅನ್ನೋಣವೆಂದರೆ ಇಲ್ಲಿ ಏನೂ ತಾನಾಗಿ ಕೊಳೆಯುತ್ತಿಲ್ಲ. ಕೋಶ ಎಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡಿ, ಬೇಕೆಂದೇ ಮಾಡುವ ಕೆಲಸ ಇದು. ಕೆಟ್ಟ ಪ್ರೋಟೀನನ್ನು ಇಆರ್‌ನಿಂದ ಆಚೆ ಎಳೆದು, ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿ ಅಂಟಿಸಿ, ಪ್ರೋಟಿಯಾಸೋಮ್ ಎಂಬ ಟೊಳ್ಳು ಪೀಪಾಯಿಗೆ ತಳ್ಳುತ್ತದೆ. ಯುಬಿಕ್ವಿಟಿನ್ ದಾರಿ ಕಂಡುಹಿಡಿದ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪೀಪಾಯಿಯಿಂದ ಹೊರಬರುವುದು ಚಿಕ್ಕ ಚೂರುಗಳು. ಅವು ಅಮೈನೋ ಆಮ್ಲಗಳಾಗಿ ಒಡೆದು ಮತ್ತೆ ಹೊಸ ಪ್ರೋಟೀನಿಗೆ ಬಳಕೆಯಾಗುತ್ತವೆ. ಪಠ್ಯಪುಸ್ತಕದ ‘ವಿಘಟನೆ’ಯಲ್ಲಿ ಈ ಉದ್ದೇಶವೇ ಕಾಣುವುದಿಲ್ಲ. ‘ತುಂಡರಿಸು’ ಅಂದರೆ ಕತ್ತರಿ ಕಾಣುತ್ತದೆ, ಮರುಬಳಕೆ ಕಾಣುವುದಿಲ್ಲ. ‘ಕಳಚು’ ಅಂದರೆ ಬಿಡಿಭಾಗ ಉಳಿಯುತ್ತದೆ ಅನ್ನುವುದೂ ಬರುತ್ತದೆ. ನನ್ನ ಒಲವು ಅದರ ಕಡೆ.

ಇನ್ನೊಂದು ಎಡವಟ್ಟು. ಮೊದಲ ಕರಡಿನಲ್ಲಿ ‘ಸರಿಯಾಗಿ ಮಡಿದ ಪ್ರೋಟೀನು ಮುಂದೆ ಹೋಗುತ್ತದೆ’ ಎಂದು ಬರೆದಿದ್ದೆ. ಓದಿದ ಅಕ್ಕ, ‘ಸತ್ತಿದ್ದು ಮುಂದೆ ಹೇಗೆ ಹೋಗುತ್ತೆ?’ ಅಂದರು. ಈಗ ‘ಮಡಚಿಕೊಂಡ’ ಅಂತ ತಿದ್ದಿದ್ದೇನೆ.

ಪದಗಳನ್ನು ಈ ವಾಕ್ಯದಲ್ಲಿ ಹಾಕಿ ನೋಡಿ: ‘ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ಬಹಳ ಜನರಲ್ಲಿ ಸಿಎಫ್‌ಟಿಆರ್ ಎಂಬ ಪ್ರೋಟೀನಿನ 508ನೇ ಅಮೈನೋ ಆಮ್ಲ ಇರುವುದಿಲ್ಲ. ಕೋಶದ ಹೊರಪೊರೆ ತಲುಪಿದ್ದರೆ ಅದು ಅಷ್ಟಿಷ್ಟು ಕೆಲಸ ಮಾಡುತ್ತಿತ್ತು. ಆದರೆ ಇಆರ್ ಅದನ್ನು ತಡೆಹಿಡಿಯುತ್ತದೆ, ಕೋಶ ಅದನ್ನು ಕಳಚಿಹಾಕುತ್ತದೆ.’ ಆ ಕೊನೆಯ ‘ಕಳಚಿಹಾಕು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?