ಕ್ರೇಗೆಲ್ಲಕಿ ಸೇತುವೆ: ಬೀಡು ಕಬ್ಬಿಣ ಇಷ್ಟು ಕಾಲ ತಾಳಿದ್ದು ಹೇಗೆ?

ಪ್ರಶ್ನೆ

ಸ್ಕಾಟ್ಲೆಂಡಿನ ಕ್ರೇಗೆಲ್ಲಕಿ ಎಂಬ ಹಳ್ಳಿಯ ಬಳಿ, ಥಾಮಸ್ ಟೆಲ್ಫೋರ್ಡ್ ಅವರು 1812ರಿಂದ 1814ರ ಅವಧಿಯಲ್ಲಿ ಸ್ಪೇ ನದಿಗೆ ಕಟ್ಟಿಸಿದ ಬೀಡು ಕಬ್ಬಿಣದ ಸೇತುವೆಯಿದೆ. ನಡುವೆ ಒಂದೂ ಕಂಬವಿಲ್ಲದೆ ಸುಮಾರು 46 ಮೀಟರ್ ಚಾಚಿಕೊಂಡಿರುವ ಈ ಕಮಾನಿನ ಮೇಲೆ 1972ರವರೆಗೂ ವಾಹನಗಳು ಓಡಾಡಿದವು. ಬೀಡಿನ ಕಾವಲಿ ಕೈತಪ್ಪಿ ಬಿದ್ದರೆ ಸೀಳುಬಿಡುತ್ತದೆ. ಅಂಥ ಲೋಹ ಈ ಭಾರವನ್ನೆಲ್ಲ ಹೊತ್ತದ್ದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಬೀಡು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬೇಗ ಸೋಲುತ್ತದೆ. ಕಮಾನು ತನ್ನ ಮೇಲೆ ಬಿದ್ದ ಭಾರವನ್ನು ಎರಡೂ ದಡಗಳ ಕಲ್ಲಿನ ಕಟ್ಟಡದತ್ತ ನೂಕುವುದರಿಂದ ಲೋಹದ ಬಹುಭಾಗ ಅದುಮಿಕೊಂಡೇ ಇರುತ್ತದೆ. ಅದೇ ಬೀಡನ್ನು ಅಡ್ಡತೊಲೆಯಾಗಿ ಇಟ್ಟರೆ ತೊಲೆ ಬಾಗಿ, ಅದರ ಕೆಳಗಿನ ಅಂಚು ಎಳೆತಕ್ಕೆ ಸಿಲುಕುತ್ತದೆ. 1847ರಲ್ಲಿ ಚೆಸ್ಟರ್‌ನ ಡೀ ನದಿಯ ರೈಲು ಸೇತುವೆ ಮುರಿದು ಐವರು ಸತ್ತಾಗ ಮುರಿದದ್ದು ಅಂಥ ಬೀಡಿನ ತೊಲೆಯೇ.

ಉತ್ತರ 2

ಇದು ಸರಿ. ಆದರೆ ಇಲ್ಲಿ ಆಕಾರವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಕಲ್ಲಿನ ಕಮಾನಿಗೆ ಹೋಲಿಸಿದರೆ ಇದು ಬಹಳ ತೆಳು. ಹಾಗಾಗಿ ವಾಹನ ಹಾದುಹೋಗುವಾಗ ಕೆಲವು ಭಾಗಗಳಲ್ಲಿ ಎಳೆತ ಹುಟ್ಟದೆ ಇರದು. 1960ರ ದಶಕದಲ್ಲಿ ಪರೀಕ್ಷಿಸಿದಾಗ, ಈ ಬೀಡಿಗೆ ಎಳೆತ ತಾಳುವ ಶಕ್ತಿ ಅಸಾಮಾನ್ಯವಾಗಿ ಹೆಚ್ಚಿರುವುದು ಕಂಡುಬಂತು. ಎರಕ ಹೊಯ್ದದ್ದು ವೇಲ್ಸ್‌ನಲ್ಲಿದ್ದ ವಿಲಿಯಂ ಹೇಜಲ್‌ಡೈನ್ ಅವರ ಪ್ಲಾಸ್ ಕಿನಾಸ್ಟನ್ ಕಾರ್ಖಾನೆ. ಬಿಡಿಭಾಗಗಳು ಕಾಲುವೆಯಲ್ಲಿಯೂ ಸಮುದ್ರದಲ್ಲಿಯೂ ಸಾಗಿ ಸ್ಪೇ ನದಿಯ ಮುಖವನ್ನು ತಲುಪಿದವು. 1829ರ ಮಹಾಪೂರವನ್ನು ಈ ಕಮಾನು ತಡೆದುಕೊಂಡಿತು. ಟೆಲ್ಫೋರ್ಡ್ ಅವರೇ ಇದೇ ಬಗೆಯಲ್ಲಿ ಕಟ್ಟಿಸಿದ್ದ ಬೋನಾರ್ ಸೇತುವೆಯಾದರೋ 1892ರಲ್ಲಿ ಕೊಚ್ಚಿಹೋಯಿತು. ನದಿಯ ಪ್ರವಾಹದೆದುರು ಲೋಹದ ಗುಣವೊಂದೇ ಸಾಲದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ದುರಸ್ತಿಯಲ್ಲಿ ಉಕ್ಕನ್ನು ಸೇರಿಸಿದ್ದಾರಂತೆ. ಹಾಗಿದ್ದರೆ ಈಗ ಉಳಿದಿರುವುದು ಮೂಲ ಸೇತುವೆಯೇ?

ಉತ್ತರ 3

ಬಹುಮಟ್ಟಿಗೆ ಹೌದು. 1963–64ರಲ್ಲಿ ಕಮಾನಿಗೂ ರಸ್ತೆಗೂ ನಡುವೆ ಇದ್ದ ಓರೆಪಟ್ಟಿಗಳನ್ನೂ ಪಕ್ಕದ ಕಂಬಿಗಳನ್ನೂ ಬದಲಿಸಿ, ಮೊದಲಿನ ರೂಪದಲ್ಲೇ ಉಕ್ಕಿನವನ್ನು ಕೂಡಿಸಿದರು. ಭಾರ ಹೊರುವ ಕಮಾನು ಹಳೆಯದೇ ಆಗಿರುವುದರಿಂದ ಇದನ್ನು ನಕಲು ಎನ್ನಲಾಗದು. ವಾಹನ ಸಂಚಾರ ಹೊಸ ಸೇತುವೆಗೆ ಹೋದುದಕ್ಕೆ 14 ಟನ್ನಿನ ಮಿತಿಯ ಜೊತೆಗೆ ಇನ್ನೊಂದು ತೊಡಕೂ ಇತ್ತು: ಬಂಡೆಯ ಪಕ್ಕದಲ್ಲೇ ರಸ್ತೆ ಲಂಬಕೋನದಲ್ಲಿ ತಿರುಗುತ್ತದೆ. ಉದ್ದನೆಯ ಲಾರಿಗಳಿಗೆ ಆ ತಿರುವು ಹೇಳಿಸಿದ್ದಲ್ಲ. ಈಗ ಅಲ್ಲಿ ನಡೆದು ದಾಟಬಹುದು.